ಹೋಂಸ್ಟೇ ವೈಫೈ, ತೋಟದ ಆಫೀಸು, ಒಂದು ಮೇಲ್ ಸರ್ವರ್: ಕಳಿಸುವ ಹಕ್ಕು ಯಾರಿಗೆ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ಕಾಫಿ ತೋಟ, ಜೊತೆಗೆ ಹೋಂಸ್ಟೇ. ತೋಟದ ಆಫೀಸಿನಲ್ಲಿ ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಬಂದ ಮೇಲ್ ಓದಲು ಕೊಡುವ ಪ್ರೋಗ್ರಾಂ) ಹಾಕಿಕೊಂಡು ನಮ್ಮದೇ ಡೊಮೇನಿನ ಮೇಲ್ ನಡೆಸುತ್ತಿದ್ದೇವೆ. ಆಫೀಸಿನೊಳಗಿಂದ ಮೇಲ್ ಸರಾಗವಾಗಿ ಹೋಗುತ್ತದೆ. ನಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು) ಗೋಣಿಕೊಪ್ಪದಿಂದ, ಮಗಳು ಬೆಂಗಳೂರಿನಿಂದ ಕಳಿಸಿದರೆ ‘ರಿಲೇ ಆಕ್ಸೆಸ್ ಡಿನೈಡ್’ ಎಂದು ಬರುತ್ತದೆ. ಪರಿಚಯದವರೊಬ್ಬರು ‘ಮೈನೆಟ್‌ವರ್ಕ್ಸ್‌ಗೆ 0.0.0.0/0 ಸೇರಿಸಿ, ಸರಿಹೋಗುತ್ತದೆ’ ಎಂದರು. ಸೇರಿಸಬಹುದೇ? ಇನ್ನೊಂದು ಚಿಂತೆ: ಕಳೆದ ವಾರಾಂತ್ಯ ನಾವು ಕಳಿಸದ ಸಾವಿರಾರು ಮೇಲ್ ಕ್ಯೂನಲ್ಲಿ ನಿಂತಿದ್ದವು. ವೆಬ್‌ಸೈಟಿನ ಬುಕಿಂಗ್ ಫಾರಂ ಕೂಡ ಇದೇ ಯಂತ್ರದಲ್ಲಿದೆ. ಕೆಲಸ ಬಿಟ್ಟು ಹೋದವರು ನಮ್ಮ ಹೆಸರಲ್ಲಿ ಮೇಲ್ ಕಳಿಸದಂತೆ ಮಾಡುವುದು ಹೇಗೆ ಎಂಬುದನ್ನೂ ತಿಳಿಸಿ.

ಉತ್ತರ: ದಯವಿಟ್ಟು ಸೇರಿಸಬೇಡಿ. ಮೈನೆಟ್‌ವರ್ಕ್ಸ್ ಎಂದರೆ ಲಾಗಿನ್ ಕೇಳದೆ ಕಳಿಸಲು ಬಿಡುವ ಐಪಿ ವಿಳಾಸಗಳ ಪಟ್ಟಿ, 0.0.0.0/0 ಎಂದರೆ ಯಾವ ವಿಳಾಸವಾದರೂ ಸರಿ ಎಂದು. ಆ ಒಂದು ಸಾಲು ಹಾಕಿದ ಕ್ಷಣದಿಂದ ಜಗತ್ತಿನ ಯಾರು ಬೇಕಾದರೂ ನಿಮ್ಮ ಸರ್ವರ್ ಮೂಲಕ ಯಾರಿಗೆ ಬೇಕಾದರೂ ಮೇಲ್ ಕಳಿಸಬಹುದು. ಇಂಥ ಸರ್ವರನ್ನು ಓಪನ್ ರಿಲೇ ಎನ್ನುತ್ತಾರೆ. ಇವನ್ನು ಹುಡುಕುವುದಕ್ಕೆಂದೇ ಹಗಲು ರಾತ್ರಿ ಇಂಟರ್ನೆಟ್ ಜಾಲಾಡುವ ಪ್ರೋಗ್ರಾಂಗಳಿವೆ. ಒಮ್ಮೆ ಅವುಗಳ ಕಣ್ಣಿಗೆ ಬಿದ್ದರೆ ನಿಮ್ಮ ಐಪಿ ವಿಳಾಸ ಕಪ್ಪುಪಟ್ಟಿ ಸೇರುತ್ತದೆ. ಆಮೇಲೆ ಅತಿಥಿಗೆ ನೀವು ಕಳಿಸುವ ಬುಕಿಂಗ್ ರಸೀದಿಯೂ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ, ಇಲ್ಲವೇ ಬಾಗಿಲಲ್ಲೇ ವಾಪಸಾಗುತ್ತದೆ.

ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ ಎಂದು ನನಗನ್ನಿಸುತ್ತದೆ. ಕಳಿಸುವ ಹಕ್ಕನ್ನು ನಿಮ್ಮ ಸರ್ವರ್ ಸದ್ಯ ಜಾಗ ನೋಡಿ ಕೊಡುತ್ತಿದೆ. ಅದನ್ನು ಆಳು ನೋಡಿ ಕೊಡುವಂತೆ ಬದಲಾಯಿಸಬೇಕು.

ಮೊದಲು ಆ ಎರರ್ ಏನು ಹೇಳುತ್ತಿದೆ ನೋಡೋಣ. ಮೇಲ್ ಸರ್ವರಿಗೆ ಎರಡು ಬೇರೆ ಕೆಲಸಗಳಿವೆ. ನಿಮ್ಮ ಡೊಮೇನಿಗೆ ಬಂದ ಮೇಲನ್ನು ತೆಗೆದುಕೊಳ್ಳುವುದು ಒಂದು. ಅದನ್ನು ಯಾರಿಂದಲಾದರೂ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ನಿಮಗೆ ಮೇಲೇ ಬರುವುದಿಲ್ಲ. ಬೇರೆ ಡೊಮೇನಿಗೆ ಹೋಗಬೇಕಾದ ಮೇಲನ್ನು ಮುಂದಕ್ಕೆ ಸಾಗಿಸುವುದು ಇನ್ನೊಂದು, ಅದೇ ರಿಲೇ. ನಮ್ಮ ಮನೆಗೆ ಬಂದ ಕಾಗದವನ್ನು ಈಸಿಕೊಳ್ಳುವುದು ಬೇರೆ, ದಾರಿಹೋಕರ ಕಾಗದಕ್ಕೆಲ್ಲ ನಮ್ಮ ಕಾಸಿನಲ್ಲಿ ಅಂಚೆಚೀಟಿ ಹಚ್ಚಿ ಕಳಿಸುವುದು ಬೇರೆ. ಗೋಣಿಕೊಪ್ಪದ ರೈಟರ್ ಯಾರೆಂದು ಸರ್ವರಿಗೆ ಗೊತ್ತಿಲ್ಲ, ಆದ್ದರಿಂದ ಅಂಚೆಚೀಟಿ ಹಚ್ಚಲು ಒಪ್ಪುತ್ತಿಲ್ಲ. ಅದು ಸರಿಯಾಗಿಯೇ ನಡೆದುಕೊಳ್ಳುತ್ತಿದೆ.

ಹಿಂದೆ ಹೀಗಿರಲಿಲ್ಲ. 1982ರಲ್ಲಿ ಆರ್‌ಎಫ್‌ಸಿ 821 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಆಗಿ ಬಂದ ಎಸ್‌ಎಂಟಿಪಿ ಎಂಬ ಮೇಲ್ ಕಳಿಸುವ ಪದ್ಧತಿಯಲ್ಲಿ ಕಳಿಸುವವರ ಗುರುತು ಕೇಳುವ ವಿಧಾನವೇ ಇರಲಿಲ್ಲ. ಯಾರದೋ ಮೇಲನ್ನು ಇನ್ಯಾರಿಗೋ ದಾಟಿಸುವುದು ಅಂದಿನ ಜಾಲದಲ್ಲಿ ಪರಸ್ಪರ ಸಹಾಯ ಎನಿಸಿಕೊಳ್ಳುತ್ತಿತ್ತು. ಸ್ಪ್ಯಾಮ್ ಹೆಚ್ಚಿದ ಮೇಲೆ, 1998ರಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂನ 8.9ನೇ ಆವೃತ್ತಿ ರಿಲೇಯನ್ನು ತಾನಾಗಿಯೇ ಮುಚ್ಚಿಟ್ಟುಕೊಂಡು ಬಂತು. ಲಾಗಿನ್ ಕೇಳುವ ವಿಧಾನ 1999ರಲ್ಲಿ ಆರ್‌ಎಫ್‌ಸಿ 2554 ಆಗಿ ಬಂತು. ಅಲ್ಲಿಯವರೆಗೆ ಇದ್ದ ಗುರುತು ಮುಖ್ಯವಾಗಿ ಐಪಿ ವಿಳಾಸ. ನಿಮ್ಮ ಮೈನೆಟ್‌ವರ್ಕ್ಸ್ ಪಟ್ಟಿ ಆ ಕಾಲದ ಉಳಿಕೆ.

ಕೊಡಗಿನಲ್ಲಂತೂ ಐಪಿ ವಿಳಾಸವನ್ನು ನೆಚ್ಚಿಕೊಳ್ಳುವ ಹಾಗೇ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕೇಬಲ್ ಹರಿದರೆ ಆಫೀಸು ಡಾಂಗಲ್ ಮೇಲೆ ನಡೆಯುತ್ತದೆ, ವಿಳಾಸ ಬದಲಾಗುತ್ತದೆ. ರೈಟರ್ ಮೊಬೈಲಿನ ವಿಳಾಸವನ್ನೇ ಪಟ್ಟಿಗೆ ಹಾಕುತ್ತೇವೆ ಎಂದುಕೊಂಡರೂ ಆಗದು. ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಬಹಳ ಮಂದಿ ಗ್ರಾಹಕರಿಗೆ ಹಂಚಿರುತ್ತವೆ. ರೈಟರಿಗೆಂದು ತೆರೆದ ಬಾಗಿಲು ಅವರೆಲ್ಲರಿಗೂ ತೆರೆದಂತೆಯೇ.

ಈಗ ಆ ಸಾವಿರಾರು ಮೇಲಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ನಿಲ್ಲಿಸಿದ್ದು ‘ವಾರಾಂತ್ಯ’ ಎಂಬ ಮಾತು. ಹೋಂಸ್ಟೇ ತುಂಬುವುದು ವಾರಾಂತ್ಯದಲ್ಲಿ. ಆದರೂ ಊಹೆಯ ಮೇಲೆ ಹೋಗುವುದು ಬೇಡ, ಲಾಗ್ ಫೈಲು ಖಚಿತವಾಗಿ ಹೇಳುತ್ತದೆ. ಮತ್ತೆ ಹಾಗಾದರೆ ಮೊದಲು ‘ಪೋಸ್ಟ್‌ಸೂಪರ್’ ಆಜ್ಞೆಗೆ ಚಿಕ್ಕಕ್ಷರದ ಎಚ್ ಆಯ್ಕೆ ಮತ್ತು ದೊಡ್ಡಕ್ಷರದ ‘ಆಲ್’ ಕೊಟ್ಟು ಕ್ಯೂ ಪೂರ್ತಿ ತಡೆಹಿಡಿಯಿರಿ. ಗಾಬರಿಯಲ್ಲಿ ಅಳಿಸಬೇಡಿ, ನಿಮ್ಮ ನಿಜವಾದ ಮೇಲೂ ಅದರಲ್ಲೇ ಇರುತ್ತದೆ. ಆಮೇಲೆ ‘ಪೋಸ್ಟ್‌ಕ್ಯೂ’ಗೆ ಪಿ ಆಯ್ಕೆ ಕೊಟ್ಟು ಪಟ್ಟಿ ನೋಡಿ, ಯಾವುದಾದರೂ ಒಂದು ಕಳ್ಳ ಮೇಲಿನ ಐಡಿ ತೆಗೆದುಕೊಂಡು, ವಾರ್ ಲಾಗ್ ಫೋಲ್ಡರಿನ ಮೇಲ್ ಲಾಗ್‌ನಲ್ಲಿ ಗ್ರೆಪ್ ಮಾಡಿ ಆ ಐಡಿ ಹುಡುಕಿ. ಸಿಗುವ ಮೊದಲ ಸಾಲನ್ನು ನಿಧಾನವಾಗಿ ಓದಿ.

ಅಲ್ಲಿ ‘ಕ್ಲೈಂಟ್=ಅನ್‌ನೋನ್[192.168.1.87]’ ಎಂಬಂಥದ್ದು ಇದ್ದು, ಅದೇ ಸಾಲಿನಲ್ಲಿ ‘ಸಾಸ್ಲ್ ಯೂಸರ್‌ನೇಮ್’ (ಲಾಗಿನ್ ಆದವರ ಹೆಸರು) ಇಲ್ಲದಿದ್ದರೆ, ಮೇಲ್ ಕೊಟ್ಟದ್ದು ನಿಮ್ಮ ಒಳಜಾಲದ ಯಾವುದೋ ಯಂತ್ರ. ಲಾಗಿನ್ ಇಲ್ಲದೆ, ಮೈನೆಟ್‌ವರ್ಕ್ಸ್ ಪಟ್ಟಿಯ ಬಲದಿಂದ ಒಳಬಂದಿದೆ. ‘ಸಾಸ್ಲ್ ಯೂಸರ್‌ನೇಮ್=ರೈಟರ್’ ಎಂದು ಇದ್ದರೆ ರೈಟರ್ ಪಾಸ್‌ವರ್ಡ್ ಕಳುವಾಗಿದೆ. ಆಗ ಮಾಡಬೇಕಾದ ಮೊದಲ ಕೆಲಸ ಪಾಸ್‌ವರ್ಡ್ ಬದಲಾವಣೆ. ಕ್ಲೈಂಟ್ ಬದಲು ‘ಪಿಕಪ್’ ಎಂಬ ಹೆಸರಿನ ಜೊತೆ ‘ಯುಐಡಿ=33’ ಕಂಡರೆ ಅದು ಸರ್ವರ್ ಒಳಗಿನಿಂದಲೇ ಹೊರಟ ಮೇಲ್. ಡೆಬಿಯನ್‌ನಲ್ಲಿ 33 ಎಂದರೆ ವೆಬ್ ಸರ್ವರ್ ನಡೆಯುವ ಬಳಕೆದಾರ, ಅಂದರೆ ಬುಕಿಂಗ್ ಫಾರಂ ಕಡೆ ನೋಡಬೇಕು.

ನಾಲ್ಕನೆಯದೊಂದಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ: ಕ್ಲೈಂಟ್ ವಿಳಾಸ ಪ್ರತಿ ಸಲವೂ 192.168.1.1 ಆಗಿರುವುದು. ಅದು ನಿಮ್ಮ ರೌಟರ್. ರೌಟರ್ ತಾನಾಗಿ ಮೇಲ್ ಕಳಿಸುವುದಿಲ್ಲ. ಕೆಲವು ರೌಟರ್‌ಗಳು ಹೊರಗಿನ ಸಂಪರ್ಕವನ್ನು ಪೋರ್ಟ್ ಫಾರ್ವರ್ಡ್ ಮಾಡುವಾಗ, ಅಂದರೆ ಒಳಗಿನ ಯಂತ್ರಕ್ಕೆ ತಿರುಗಿಸುವಾಗ, ಬಂದವರ ನಿಜವಾದ ವಿಳಾಸ ಅಳಿಸಿ ತಮ್ಮದನ್ನೇ ಅಂಟಿಸುತ್ತವೆ. ಆಗ ಜಗತ್ತಿನ ಮೂಲೆಯಿಂದ ಬಂದವನೂ ಪೋಸ್ಟ್‌ಫಿಕ್ಸ್ ಕಣ್ಣಿಗೆ ಮನೆಯವನೇ. 0.0.0.0/0 ಹಾಕದೆಯೇ ನೀವು ಓಪನ್ ರಿಲೇ ಆಗಿರುತ್ತೀರಿ. ಮೇಲ್ ಸರ್ವರನ್ನು ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಒಳಗೆ ಇಟ್ಟವರಿಗೂ ಇದೇ ಅಪಾಯವಿದೆ, ಅಲ್ಲಿ ಹೊರಗಿನವರು 172.17ರಿಂದ ಶುರುವಾಗುವ ಒಳವಿಳಾಸದಲ್ಲಿ ಕಾಣಿಸಿಕೊಳ್ಳಬಹುದು.

ನಿಮ್ಮಲ್ಲಿ ಮೊದಲ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅಭಿಪ್ರಾಯ, ಅದಕ್ಕೆ ಕಾರಣವಿದೆ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಇನ್‌ಸ್ಟಾಲ್ ಮಾಡಿದಾಗ ತಾನಾಗಿ ಬರುವ ಮೈನೆಟ್‌ವರ್ಕ್ಸ್ ಎಂದರೆ 127.0.0.0/8 ಮತ್ತು ಅದರ ಐಪಿವಿ6 ಜೋಡಿ, ಅಂದರೆ ಆ ಯಂತ್ರ ಮಾತ್ರ. ಆದರೂ ಆಫೀಸಿನ ಕಂಪ್ಯೂಟರ್‌ಗಳಿಂದ ಮೇಲ್ ಹೋಗುತ್ತಿದೆ. ಹೊರಗಿನವರಿಗೆ ಎರರ್ ಬರುವುದನ್ನು ನೋಡಿದರೆ ಲಾಗಿನ್ ವ್ಯವಸ್ಥೆ ಇದ್ದಂತಿಲ್ಲ. ಹಾಗಿದ್ದರೆ ಯಾರೋ 192.168.1.0/24 ಎಂದು, ಅಂದರೆ 192.168.1ರಿಂದ ಶುರುವಾಗುವ ಒಳಜಾಲದ ಎಲ್ಲ ವಿಳಾಸಗಳನ್ನೂ, ಸೇರಿಸಿರಬೇಕು. ಹೋಂಸ್ಟೇ ವೈಫೈ ಕೂಡ ಅದೇ ರೌಟರಿನಿಂದ ಹೋಗಿದ್ದರೆ, ಅತಿಥಿಯ ಫೋನಿಗೂ ಲ್ಯಾಪ್‌ಟಾಪಿಗೂ ಸಿಗುವುದು ಅದೇ ಸಾಲಿನ ವಿಳಾಸ. ಅತಿಥಿಗಳು ಒಳ್ಳೆಯವರೇ ಇರಬಹುದು, ಅವರ ಲ್ಯಾಪ್‌ಟಾಪಿನಲ್ಲಿ ಕೂತ ವೈರಸ್‌ಗೆ ನಿಮ್ಮ ಸರ್ವರ್ ಲಾಗಿನ್ ಕೇಳದೆ ಬಾಗಿಲು ತೆಗೆಯುತ್ತದೆ.

ಸರಿಪಡಿಸುವ ಕ್ರಮಕ್ಕೆ ಬರುತ್ತೇನೆ. ಕೆಳಗೆ ಹೇಳುವ ಸೆಟ್ಟಿಂಗ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷಿನಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು. ಹಲವು ಹೆಸರುಗಳನ್ನು ಇಲ್ಲಿ ಮೊಟಕು ಮಾಡಿದ್ದೇನೆ, ಅವುಗಳ ಪೂರ್ತಿ ರೂಪದ ಮುಂದೆ ‘ಎಸ್‌ಎಂಟಿಪಿಡಿ’ ಇರುತ್ತದೆ. ಸದ್ಯ ಏನೇನು ಬದಲಾಗಿದೆ ಎಂದು ನೋಡಲು ‘ಪೋಸ್ಟ್‌ಕಾನ್ಫ್’ಗೆ ಎನ್ ಆಯ್ಕೆ ಕೊಡಿ. ಆ ಪಟ್ಟಿಯನ್ನು ಒಂದು ಕಡೆ ಉಳಿಸಿಟ್ಟುಕೊಂಡೇ ಮುಂದಕ್ಕೆ ಹೋಗಿ.

ಮೈನೆಟ್‌ವರ್ಕ್ಸ್ ಕಿರಿದಾಗಿಸುವ ಮೊದಲು ಲಾಗಿನ್ ದಾರಿ ತಯಾರಾಗಬೇಕು, ಇಲ್ಲದಿದ್ದರೆ ಆಫೀಸಿನ ಮೇಲೂ ನಿಂತುಹೋಗುತ್ತದೆ. ಆ ದಾರಿಯ ಹೆಸರು ಸಬ್‌ಮಿಷನ್, ಪೋರ್ಟ್ 587. ಪೋರ್ಟ್ ಎಂದರೆ ಸರ್ವರಿನ ನಂಬರು ಹಚ್ಚಿದ ಬಾಗಿಲು. ಪೋರ್ಟ್ 25 ಇರುವುದು ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಲು. ಮನುಷ್ಯರು ಕಳಿಸುವ ಮೇಲಿಗೆ ಬೇರೆ ಪೋರ್ಟ್ ಇರಲಿ ಎಂದು 1998ರಲ್ಲೇ ನಿಗದಿಯಾಯಿತು. 2018ರ ಆರ್‌ಎಫ್‌ಸಿ 8314 ಇದರ ಜೊತೆಗೆ, ಶುರುವಿನಿಂದಲೇ ಗೂಢಲಿಪಿಯಲ್ಲಿ ನಡೆಯುವ 465ನ್ನೂ ಶಿಫಾರಸು ಮಾಡಿತು. ಪೋಸ್ಟ್‌ಫಿಕ್ಸ್‌ನ ಮಾಸ್ಟರ್.ಸಿಎಫ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಈ ಎರಡಕ್ಕೂ ಸಾಲುಗಳು ಆಗಲೇ ಇವೆ, ಮುಂದೆ ಹ್ಯಾಶ್ ಗುರುತು ಇರುವುದರಿಂದ ಮಲಗಿವೆ. 587ರ ಗುಂಪಿನಲ್ಲಿ ಹ್ಯಾಶ್ ತೆಗೆದು ಮೂರು ವಿಷಯ ಖಾತ್ರಿ ಮಾಡಿಕೊಳ್ಳಿ: ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವ ವಿಧಾನ) ಸೆಕ್ಯೂರಿಟಿ ಲೆವೆಲ್ ‘ಎನ್‌ಕ್ರಿಪ್ಟ್’ ಆಗಿರಬೇಕು, ಸಾಸ್ಲ್ ಆಥ್ ‘ಯೆಸ್’ ಆಗಿರಬೇಕು, ರಿಲೇ ರಿಸ್ಟ್ರಿಕ್ಷನ್ಸ್‌ನಲ್ಲಿ ‘ಪರ್ಮಿಟ್ ಸಾಸ್ಲ್ ಅಥೆಂಟಿಕೇಟೆಡ್, ರಿಜೆಕ್ಟ್’ ಎಂಬ ಎರಡೇ ಮಾತು ಇರಬೇಕು. ಮೈನೆಟ್‌ವರ್ಕ್ಸ್ ಹೆಸರು ಆ ಸಾಲಿನಲ್ಲಿ ಇರಲೇಬಾರದು. ಲಾಗಿನ್ ಆದವರು ಒಳಗೆ, ಉಳಿದವರು ಹೊರಗೆ. ಆಫೀಸಿನೊಳಗೆ ಕೂತವರಿಗೂ ಇದೇ ನಿಯಮ.

ಪಾಸ್‌ವರ್ಡ್ ತಾಳೆ ನೋಡುವ ಕೆಲಸವನ್ನು ಪೋಸ್ಟ್‌ಫಿಕ್ಸ್ ತಾನೇ ಮಾಡುವುದಿಲ್ಲ, ಡವ್‌ಕಾಟ್‌ಗೆ ಕೇಳುತ್ತದೆ. ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್‌ನಲ್ಲಿ ಸಾಸ್ಲ್ ಟೈಪ್ ‘ಡವ್‌ಕಾಟ್’ ಎಂದೂ ಸಾಸ್ಲ್ ಪಾತ್ ‘ಪ್ರೈವೇಟ್/ಆಥ್’ ಎಂದೂ ಕೊಡಿ. ಡವ್‌ಕಾಟ್ ಕಡೆ ಆಥ್ ಸರ್ವಿಸ್ ಒಳಗೆ, ಪೋಸ್ಟ್‌ಫಿಕ್ಸ್ ಸ್ಪೂಲ್ ಫೋಲ್ಡರಿನ ಅದೇ ಜಾಗದಲ್ಲಿ ಒಂದು ಸಾಕೆಟ್ (ಎರಡು ಪ್ರೋಗ್ರಾಂಗಳು ಮಾತಾಡುವ ಕಿಂಡಿ) ತೆರೆಯಬೇಕು. ಅದರ ಒಡೆತನ ಪೋಸ್ಟ್‌ಫಿಕ್ಸ್ ಬಳಕೆದಾರನಿಗೆ, ಅನುಮತಿ 0660. ಲಾಗಿನ್ ಕೆಲಸ ಮಾಡದೆ ಕೈಕೊಡುವುದು ಹೆಚ್ಚಾಗಿ ಇಲ್ಲೇ, ಅದೂ ಒಡೆತನದ ಸಾಲು ಮರೆತಾಗ. ಲಾಗಿನ್ ಸೌಲಭ್ಯವನ್ನು 587 ಮತ್ತು 465ರಲ್ಲಿ ಮಾತ್ರ ತೆರೆಯಿರಿ, 25ರಲ್ಲಿ ಮುಚ್ಚಿಡಿ. ಪಾಸ್‌ವರ್ಡ್ ಊಹಿಸುತ್ತ ಕೂರುವ ಬಾಟ್‌ಗಳು 25ಕ್ಕೂ ಬರುತ್ತವೆ, ಅಲ್ಲಿ ಲಾಗಿನ್ ಬಾಗಿಲೇ ಇಲ್ಲದಿದ್ದರೆ ಅಷ್ಟು ಕಾಟ ಕಡಿಮೆ. 587 ಮತ್ತು 465ಕ್ಕೆ ಫೇಲ್2ಬ್ಯಾನ್ (ತಪ್ಪು ಪಾಸ್‌ವರ್ಡ್ ಕೊಡುತ್ತಲೇ ಇರುವ ವಿಳಾಸವನ್ನು ತಡೆಯುವ ಪ್ರೋಗ್ರಾಂ) ಕಾವಲಿರಲಿ.

ಆಮೇಲೆ ರೌಟರಿನಲ್ಲಿ ಈ ಪೋರ್ಟ್‌ಗಳನ್ನು ಸರ್ವರಿಗೆ ತಿರುಗಿಸಿ, ರೈಟರ್ ಮತ್ತು ಮಗಳ ಫೋನಿನಲ್ಲಿ 587 ಜೊತೆ ಸ್ಟಾರ್ಟ್‌ಟಿಎಲ್‌ಎಸ್ ಅಥವಾ 465 ಜೊತೆ ಎಸ್‌ಎಸ್‌ಎಲ್ ಆರಿಸಿ. ಗೋಣಿಕೊಪ್ಪದ ತೊಂದರೆ ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಅವರ ನೆಟ್‌ವರ್ಕ್ ಎಷ್ಟು ಸಲ ಬದಲಾದರೂ ಲಾಗಿನ್ ಅದೇ.

ಆಫೀಸಿನ ಎಲ್ಲ ಯಂತ್ರಗಳೂ 587ಕ್ಕೆ ಬಂದ ಮೇಲೆ ಮೈನೆಟ್‌ವರ್ಕ್ಸ್‌ನಿಂದ 192.168.1.0/24 ತೆಗೆದು 127.0.0.0/8 ಮತ್ತು ಅದರ ಐಪಿವಿ6 ಜೋಡಿಯನ್ನಷ್ಟೇ ಬಿಡಿ. ರೌಟರ್ ವಿಳಾಸದ ತೊಂದರೆ ಇದ್ದರೂ ಈ ಒಂದು ಹೆಜ್ಜೆಯಿಂದ ಆ ಬಾಗಿಲು ಮುಚ್ಚುತ್ತದೆ. 25ಕ್ಕೆ ಪೋಸ್ಟ್‌ಫಿಕ್ಸ್ 2.10ರಿಂದೀಚೆಗೆ ಬಂದಿರುವ ರಿಲೇ ರಿಸ್ಟ್ರಿಕ್ಷನ್ಸ್ ಡೀಫಾಲ್ಟೇ ಸಾಕು. ಅದರ ಕೊನೆಯ ಮಾತು ‘ಡಿಫರ್ ಅನ್‌ಆಥ್ ಡೆಸ್ಟಿನೇಶನ್’. ಅದನ್ನು ‘ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಶನ್’ ಮಾಡಿದರೆ 454 ಬದಲು 554 ಎಂಬ ಉತ್ತರ ಹೋಗುತ್ತದೆ. 454 ಎಂದರೆ ‘ಆಮೇಲೆ ಬಾ’, 554 ಎಂದರೆ ‘ಬರಲೇಬೇಡ’. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾಗುವ ತನಕ 454 ಇರಲಿ. ನಿಮ್ಮ ಕೈತಪ್ಪಿನಿಂದ ತಡೆಯಾದ ಒಳ್ಳೆಯ ಮೇಲ್ ಆಮೇಲಾದರೂ ತಲುಪುತ್ತದೆ.

ತೋಟದ ಆಫೀಸುಗಳಲ್ಲಿ ಒಂದು ಸ್ಕ್ಯಾನರ್ ಇದ್ದೇ ಇರುತ್ತದೆ, ಹಳೆಯದಾದರೆ ಅದಕ್ಕೆ ಟಿಎಲ್‌ಎಸ್ ಬರುವುದಿಲ್ಲ. ಅದಕ್ಕೋಸ್ಕರ ಇಡೀ ಜಾಲವನ್ನು ಮತ್ತೆ ಪಟ್ಟಿಗೆ ಸೇರಿಸಬೇಡಿ. ರೌಟರಿನಲ್ಲಿ ಅದಕ್ಕೊಂದು ಖಾಯಂ ವಿಳಾಸ ಕೊಟ್ಟು, 192.168.1.40/32 ಎಂಬ ಹಾಗೆ ಅದೊಂದನ್ನೇ ಸೇರಿಸಿ. ಅತಿಥಿಗಳ ವೈಫೈಯನ್ನು ಬೇರೆ ಜಾಲ ಮಾಡುವುದು ಆಗ ಕಡ್ಡಾಯ, ಏಕೆಂದರೆ ಅದೇ ಜಾಲದಲ್ಲಿರುವವರು ಸ್ಕ್ಯಾನರ್ ವಿಳಾಸವನ್ನು ತಾವೇ ಹಾಕಿಕೊಳ್ಳಬಹುದು. ರೌಟರಿನ ಗೆಸ್ಟ್ ನೆಟ್‌ವರ್ಕ್ ಆಯ್ಕೆ ಸಾಮಾನ್ಯವಾಗಿ ಈ ಕೆಲಸ ಮಾಡುತ್ತದೆ. ಹೇಗಿದ್ದರೂ ಅದನ್ನು ಮಾಡಿ. ಸಂಬಳದ ಲೆಕ್ಕ ಇರುವ ಕಂಪ್ಯೂಟರ್ ಅತಿಥಿಗಳ ಜಾಲದಲ್ಲಿ ಇರಬಾರದು, ಮೇಲ್ ತೊಂದರೆ ಇರಲಿ ಬಿಡಲಿ.

ಬುಕಿಂಗ್ ಫಾರಂ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪಿಎಚ್‌ಪಿಯ ಮೇಲ್ ಫಂಕ್ಷನ್ ಯೂನಿಕ್ಸಿನ ಸೆಂಡ್‌ಮೇಲ್ ಆಜ್ಞೆಯನ್ನು (ಪೋಸ್ಟ್‌ಫಿಕ್ಸ್‌ನಲ್ಲೂ ಅದೇ ಹೆಸರಿನದಿದೆ) ಕರೆಯುತ್ತದೆ, ಅಲ್ಲಿ ಯಾವ ಲಾಗಿನ್ನೂ ಇಲ್ಲ. ಫಾರಂ ಬರೆದವರು ಅತಿಥಿಯ ಮೇಲ್ ವಿಳಾಸವನ್ನು ಪರೀಕ್ಷಿಸದೆ ಮೇಲ್ ಹೆಡರಿಗೆ (ಟು, ಫ್ರಂ ಮುಂತಾದ ತಲೆಸಾಲುಗಳಿಗೆ) ಸೇರಿಸಿದ್ದರೆ, ಆ ಜಾಗದಲ್ಲಿ ಹೊಸ ಸಾಲು ತೂರಿಸಿ ಬಿಸಿಸಿ ಪಟ್ಟಿಯನ್ನೇ ಸೇರಿಸಿಬಿಡಬಹುದು. ನಿಮ್ಮ ಫಾರಂ ಆಗ ಸ್ಪ್ಯಾಮ್ ಯಂತ್ರ. ಸರಿಯಾದ ದಾರಿ ಎಂದರೆ ಫಾರಂಗೂ ಒಂದು ಲಾಗಿನ್ ಕೊಟ್ಟು, ಅದು 587ರ ಮೂಲಕವೇ ಕಳಿಸುವಂತೆ ಮಾಡುವುದು. ಅದು ಓಡಿದ ಮೇಲೆ ಮೇನ್.ಸಿಎಫ್‌ನಲ್ಲಿ ‘ಆಥರೈಸ್ಡ್ ಸಬ್‌ಮಿಟ್ ಯೂಸರ್ಸ್’ ಎಂಬ ಸೆಟ್ಟಿಂಗ್‌ಗೆ, ಆಶ್ಚರ್ಯಚಿಹ್ನೆ ಮುಂದಿಟ್ಟು ವೆಬ್ ಬಳಕೆದಾರನ ಹೆಸರು, ಆಮೇಲೆ ‘ಸ್ಟ್ಯಾಟಿಕ್:ಆಲ್’ ಎಂದು ಬರೆಯಿರಿ. ವೆಬ್ ಬಳಕೆದಾರನಿಗೆ ಆ ಆಜ್ಞೆ ನಿಷೇಧ, ಉಳಿದವರಿಗೆ ಅನುಮತಿ ಎಂದರ್ಥ. ಇದಕ್ಕೊಂದು ಮಿತಿಯಿದೆ: ಯಾರಾದರೂ ವೆಬ್‌ಸೈಟಿಗೆ ನುಗ್ಗಿ 127.0.0.1ರ ಪೋರ್ಟ್ 25ಕ್ಕೆ ನೇರ ಮಾತಾಡಿದರೆ ಈ ತಡೆ ಅಡ್ಡ ಬರುವುದಿಲ್ಲ, ಆ ವಿಳಾಸ ಮೈನೆಟ್‌ವರ್ಕ್ಸ್‌ನಲ್ಲಿದೆ. ಸರ್ವರಿನ ಬೇರೆ ಯಾವ ಪ್ರೋಗ್ರಾಮೂ ಆ ದಾರಿ ಬಳಸುತ್ತಿಲ್ಲವಾದರೆ ಅದನ್ನೂ ಪಟ್ಟಿಯಿಂದ ತೆಗೆಯಬಹುದು. ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಪ್ರೋಗ್ರಾಂ) ವರದಿಗಳು ಸೆಂಡ್‌ಮೇಲ್ ಆಜ್ಞೆಯಿಂದ ಹೋಗುವುದರಿಂದ ಅವಕ್ಕೆ ತೊಂದರೆಯಿಲ್ಲ.

ಲಾಗಿನ್ ಆದವರು ಯಾವ ಹೆಸರಲ್ಲಿ ಕಳಿಸಬಹುದು? ಇದನ್ನು ಹೇಳದೆ ಬಿಟ್ಟರೆ, ಒಮ್ಮೆ ಲಾಗಿನ್ ಆದ ರೈಟರ್ ನಿಮ್ಮ ಹೆಸರಿನಲ್ಲೂ ಕಳಿಸಬಹುದು, ಯಾವುದೋ ಬ್ಯಾಂಕಿನ ಹೆಸರಿನಲ್ಲೂ ಕಳಿಸಬಹುದು. ‘ಸೆಂಡರ್ ಲಾಗಿನ್ ಮ್ಯಾಪ್ಸ್’ ಎಂಬ ಪಟ್ಟಿ ಇದಕ್ಕೆ ಇದೆ. ಎಡಗಡೆ ಮೇಲ್ ವಿಳಾಸ, ಬಲಗಡೆ ಅದನ್ನು ಬಳಸಬಹುದಾದ ಲಾಗಿನ್‌ಗಳು. ಆಫೀಸಿನ ಸಾರ್ವಜನಿಕ ವಿಳಾಸದ ಎದುರು ನೀವು, ಮಗಳು, ರೈಟರ್ ಮೂವರ ಲಾಗಿನ್ ಬರೆಯಿರಿ. ಬುಕಿಂಗ್ ವಿಳಾಸದ ಎದುರು ಫಾರಂ ಲಾಗಿನ್ ಮಾತ್ರ. ಆಮೇಲೆ 587 ಮತ್ತು 465ರ ಸೆಂಡರ್ ರಿಸ್ಟ್ರಿಕ್ಷನ್ಸ್‌ನಲ್ಲಿ ‘ರಿಜೆಕ್ಟ್ ಸೆಂಡರ್ ಲಾಗಿನ್ ಮಿಸ್‌ಮ್ಯಾಚ್’ ಹಾಕಿ. ಪಟ್ಟಿ ಹ್ಯಾಶ್ ಮಾದರಿಯದಾದರೆ ಪ್ರತಿ ತಿದ್ದುಪಡಿಯ ನಂತರ ‘ಪೋಸ್ಟ್‌ಮ್ಯಾಪ್’ ಓಡಿಸುವುದನ್ನು ಮರೆಯಬೇಡಿ. ಈ ತಪಾಸಣೆ ನೋಡುವುದು ಲಕೋಟೆಯ ವಿಳಾಸವನ್ನು, ಅಂದರೆ ಎಸ್‌ಎಂಟಿಪಿ ಮಾತುಕತೆಯಲ್ಲಿ ಕೊಡುವ ‘ಮೇಲ್ ಫ್ರಂ’. ಓದುವವರಿಗೆ ಕಾಣುವ ‘ಫ್ರಂ’ ಸಾಲು ಮೇಲ್ ಒಳಗಿರುತ್ತದೆ, ಅದನ್ನು ಪೋಸ್ಟ್‌ಫಿಕ್ಸ್ ಇಲ್ಲಿ ತಾಳೆ ನೋಡುವುದಿಲ್ಲ. ಅದನ್ನೂ ಕಟ್ಟಬೇಕೆಂದರೆ ಮಿಲ್ಟರ್, ಅಂದರೆ ಮೇಲ್ ತಪಾಸಿಸುವ ಬೇರೆ ಪ್ರೋಗ್ರಾಂ, ಬೇಕು. ಮೂರು ನಾಲ್ಕು ಜನರ ಆಫೀಸಿಗೆ ಅದು ಬೇಡ ಎಂದೇ ನನ್ನ ಸಲಹೆ, ಯಾರು ಕಳಿಸಿದರೆಂಬುದು ಲಾಗ್‌ನಲ್ಲಿ ಲಾಗಿನ್ ಸಮೇತ ಇರುತ್ತದೆ.

ಪಾಸ್‌ವರ್ಡ್ ಕಳುವಾದ ದಿನ ಹಾನಿ ಕಡಿಮೆ ಇರಲೆಂದು ಮಿತಿಯನ್ನೂ ಹಾಕಿ. ‘ಕ್ಲೈಂಟ್ ಮೆಸೇಜ್ ರೇಟ್ ಲಿಮಿಟ್’ ಡೀಫಾಲ್ಟ್ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಅದರ ಲೆಕ್ಕ 60 ಸೆಕೆಂಡಿಗೆ, ಅದೂ ಐಪಿ ವಿಳಾಸದ ಮೇಲೆ. ಮೈನೆಟ್‌ವರ್ಕ್ಸ್‌ನಲ್ಲಿರುವವರಿಗೆ ಅದು ಅನ್ವಯವಾಗುವುದಿಲ್ಲ. ಲಾಗಿನ್‌ಗೆ ಇಷ್ಟು ಎಂದು ಎಣಿಸಬೇಕಾದರೆ ಪೋಸ್ಟ್‌ಎಫ್‌ಡಬ್ಲ್ಯುಡಿಯಂಥ ಪಾಲಿಸಿ ಸರ್ವರ್ ಜೋಡಿಸಬೇಕು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಆಫೀಸಿನಲ್ಲಿ ಕೂತು ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಸಲ ಅತಿಥಿಗಳ ವೈಫೈಗೆ ಸೇರಿಕೊಂಡು, ಒಂದು ಸಲ ಪೂರ್ತಿ ಹೊರಗಿನ ಯಂತ್ರದಿಂದ ಮಾಡಿ. ಮೊಬೈಲ್ ಡೇಟಾದಲ್ಲಿ ಪೋರ್ಟ್ 25ನ್ನು ಕಂಪನಿಯೇ ಮುಚ್ಚಿರಬಹುದು, ಸಂಪರ್ಕವೇ ಆಗದಿದ್ದರೆ ಅದನ್ನು ಪಾಸ್ ಎಂದು ಎಣಿಸಬೇಡಿ. ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ಅಥವಾ ಬೇರೆ ಊರಿನ ಸ್ನೇಹಿತರ ಸರ್ವರ್ ಒಳ್ಳೆಯದು. ಟೆಲ್‌ನೆಟ್‌ನಲ್ಲಿ 25ಕ್ಕೆ ಹೋಗಿ, ‘ಇಎಚ್‌ಎಲ್‌ಒ’ ಹೇಳಿ, ‘ಮೇಲ್ ಫ್ರಂ’ ಕೊಟ್ಟು, ‘ಆರ್‌ಸಿಪಿಟಿ ಟು’ ಜಾಗದಲ್ಲಿ ನಿಮ್ಮ ಡೊಮೇನ್ ಅಲ್ಲದ ಒಂದು ವಿಳಾಸ ಕೊಡಿ. 454 ಅಥವಾ 554 ಜೊತೆ ‘ರಿಲೇ ಆಕ್ಸೆಸ್ ಡಿನೈಡ್’ ಬಂದರೆ ಬಾಗಿಲು ಭದ್ರ. 250 ಬಂದರೆ ಸರ್ವರನ್ನು ಹೊರಜಾಲದಿಂದ ತೆಗೆದಿಟ್ಟು ಮತ್ತೆ ಮೊದಲಿನಿಂದ ನೋಡಿ. ಅದೇ ಹೊತ್ತಿಗೆ ಲಾಗ್‌ನಲ್ಲಿ ಪರೀಕ್ಷಿಸುತ್ತಿರುವ ಯಂತ್ರದ ನಿಜವಾದ ವಿಳಾಸ ಕಾಣುತ್ತಿದೆಯೇ, 192.168.1.1 ಕಾಣುತ್ತಿದೆಯೇ ಎಂದೂ ಗಮನಿಸಿ.

ಎಸ್‌ಪಿಎಫ್ ಮತ್ತು ಡಿಕಿಮ್ (ಮೇಲ್ ನಿಜವಾಗಿ ನಿಮ್ಮ ಡೊಮೇನಿನದೇ ಎಂದು ಪಡೆಯುವವರಿಗೆ ತೋರಿಸುವ ವಿಧಾನಗಳು) ಬೇರೆ ದೊಡ್ಡ ವಿಷಯ, ಇಲ್ಲಿ ಬಿಡಿಸಲು ಹೋಗುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರೆಲ್ಲರಿಗೂ ಎರಡರಲ್ಲಿ ಒಂದಾದರೂ ಬೇಕು, ಎರಡೂ ಇದ್ದರೆ ಒಳ್ಳೆಯದು.

ಇನ್ನು ಕೆಲಸ ಬಿಟ್ಟವರ ವಿಷಯ. ತೋಟದ ಆಫೀಸುಗಳಲ್ಲಿ ‘ಆಫೀಸ್’ ಎಂಬ ಒಂದೇ ಲಾಗಿನ್ ಮಾಡಿ ಪಾಸ್‌ವರ್ಡ್ ಎಲ್ಲರಿಗೂ ಹೇಳುವ ಪದ್ಧತಿ ಇದೆ. ಕೊಯ್ಲಿನ ಹೊತ್ತಿಗೆ ತೂಕದ ಲೆಕ್ಕ ಕಳಿಸಲು ಬಂದ ತಾತ್ಕಾಲಿಕ ಹುಡುಗನ ಫೋನಿನಲ್ಲೂ ಅದು ಉಳಿದುಹೋಗುತ್ತದೆ. ಒಬ್ಬರು ಹೋದಾಗ ಎಲ್ಲರ ಫೋನಿನಲ್ಲೂ ಬದಲಾಯಿಸಬೇಕಾಗುತ್ತದೆ, ಹಾಗಾಗಿ ಯಾರೂ ಬದಲಾಯಿಸುವುದಿಲ್ಲ. ವಿಳಾಸವನ್ನು ಹಂಚಿಕೊಳ್ಳಿ, ಲಾಗಿನ್ ಹಂಚಿಕೊಳ್ಳಬೇಡಿ. ಮೇಲೆ ಹೇಳಿದ ಪಟ್ಟಿ ಇದ್ದರೆ ಇದು ಸುಲಭ. ಯಾರಾದರೂ ಬಿಟ್ಟು ಹೋದ ದಿನವೇ ಡವ್‌ಕಾಟ್‌ನ ಬಳಕೆದಾರರ ಪಟ್ಟಿಯಿಂದ ಅವರ ಸಾಲು ತೆಗೆಯಿರಿ, ಸೆಂಡರ್ ಲಾಗಿನ್ ಮ್ಯಾಪ್ಸ್‌ನಿಂದಲೂ ತೆಗೆದು ಪೋಸ್ಟ್‌ಮ್ಯಾಪ್ ಓಡಿಸಿ. ಡವ್‌ಕಾಟ್‌ನಲ್ಲಿ ಆಥ್ ಕ್ಯಾಶ್ ಆನ್ ಮಾಡಿದ್ದರೆ ಅದನ್ನೂ ಖಾಲಿ ಮಾಡಿ, ಇಲ್ಲದಿದ್ದರೆ ಹಳೆಯ ಪಾಸ್‌ವರ್ಡ್ ಸ್ವಲ್ಪ ಹೊತ್ತು ನಡೆಯುತ್ತದೆ. ಅವರಿಗೆ ಸರ್ವರಿನಲ್ಲೇ ಯೂನಿಕ್ಸ್ ಅಕೌಂಟ್ ಇದ್ದರೆ ಪಾಸ್‌ವರ್ಡ್ ಲಾಕ್ ಮಾಡಿದರಷ್ಟೇ ಸಾಲದು. ಎಸ್‌ಎಸ್‌ಎಚ್ ಕೀ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಕೀಲಿ ಫೈಲು) ಇದ್ದವರು ಪಾಸ್‌ವರ್ಡ್ ಇಲ್ಲದೆ ಒಳಬರುತ್ತಾರೆ, ಒಳಬಂದವರಿಗೆ ಸೆಂಡ್‌ಮೇಲ್ ಆಜ್ಞೆ ಕೈಗೆ ಸಿಗುತ್ತದೆ. ಅಕೌಂಟಿನ ಅವಧಿಯನ್ನೇ ಮುಗಿಸಿ, ಕೀ ಫೈಲನ್ನೂ ಅಳಿಸಿ, ಅವರ ಹೆಸರಿನಲ್ಲಿ ಕ್ರಾನ್ ಕೆಲಸ ಏನಾದರೂ ಉಳಿದಿದೆಯೇ ನೋಡಿ.